ಹುಳದ ಮನೆಯ ಹೊಸ್ತಿಲು ಮತ್ತು ಐದು ಅಂಕದ ಪ್ರಶ್ನೆ

ಮೊನ್ನೆ ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೊರಟ ಬಸ್ಸಿನಲ್ಲಿ ಒಬ್ಬ ರೈತ ನನ್ನ ಪಕ್ಕದಲ್ಲಿ ಬಂದು ಕೂತ. ಕಾಲ ಬಳಿ ಔಷಧಿ ಹೊಡೆಯುವ ಪಂಪು, ಹೆಗಲ ಮೇಲೆ ಒದ್ದೆ ಟವೆಲು. ಬೆಳಗ್ಗೆ ಟೊಮೆಟೊ ಗಿಡಗಳಿಗೆ ಔಷಧಿ ಹೊಡೆದು, ಪಂಪು ಕೈಕೊಟ್ಟಿತೆಂದು ಅದನ್ನು ರಿಪೇರಿಗೆ ಹೊತ್ತುಕೊಂಡು ಬಂದಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. "ಸ್ವಲ್ಪ ಆ ಕಡೆ ಸರ್ಕೊಳ್ರೀ" ಎಂದು ಗದರಿದೆ. ಆತ ಗಾಬರಿಯಾಗಿ, "ಯಾಕಮ್ಮಾ, ನಾನೇನ್ ಮಾಡ್ದೆ?" ಎಂದ. ಪಾಪ, ಆತ ಏನೂ ಮಾಡಿರಲಿಲ್ಲ. ಮಾಡಿದವರು ಬೇರೆ, ಮಾಡಿ ನಲವತ್ತೈದು ವರ್ಷವಾಗುತ್ತ ಬಂದಿತ್ತು, ಮತ್ತು ನಾನು ಅವರ ಮನೆಗೇ ಹೊರಟಿದ್ದೆ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ನಿವೃತ್ತಿಯಾದ ಮೇಲೆ ಕಡಿಮೆಯಾಗಬಹುದೆಂದು ಡಾಕ್ಟರು ಆಸೆ ಇಟ್ಟುಕೊಂಡಿದ್ದರು. ಆದರೆ ಕಾಲೇಜು ಬಿಟ್ಟ ಮೇಲೆ ಬೈಯಲು ಹುಡುಗರು ಸಿಗದೆ ಕೋಪವೆಲ್ಲ ಮನೆಯಲ್ಲೇ ಉಳಿದುಬಿಟ್ಟಿದೆ. ಮುಳಬಾಗಿಲಿನ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ನಮ್ಮ ವಿಷಯದಲ್ಲಿ ಒಂದು ಪ್ರಶ್ನೆಯಿತ್ತು, ಹಬ್ಬದ ಹಾಗೆ ತಪ್ಪದೆ ಬರುತ್ತಿತ್ತು: ಉದಾರವಾದಕ್ಕೂ ಸಂಪ್ರದಾಯವಾದಕ್ಕೂ ಇರುವ ವ್ಯತ್ಯಾಸಗಳನ್ನು ಬರೆಯಿರಿ. ಐದು ಅಂಕ. ಮಕ್ಕಳು ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಆ ಕಡೆ ಇದು, ಈ ಕಡೆ ಅದು ಎಂದು ಬರೆದಿಡುತ್ತಿದ್ದರು. ಒಂದು ಕಡೆ ವ್ಯಕ್ತಿ, ಇನ್ನೊಂದು ಕಡೆ ಸಮಾಜ. ಒಂದು ಕಡೆ ಬದಲಾವಣೆ, ಇನ್ನೊಂದು ಕಡೆ ಪರಂಪರೆ. ನಾನೂ ಗೆರೆಯ ಎರಡೂ ಕಡೆ ಸರಿ ಗುರುತು ಹಾಕಿ ಅಂಕ ಕೊಡುತ್ತಿದ್ದೆ. "ನೀವು ಯಾವ ಕಡೆ, ಮೇಡಂ?" ಎಂದು ಯಾರಾದರೂ ತುಂಟ ಕೇಳಿದರೆ, "ಪರೀಕ್ಷೆಯ ಕಡೆ" ಎನ್ನುತ್ತಿದ್ದೆ. ನಗುತ್ತಿದ್ದರು. ಆದರೆ ಆ ಗೆರೆಯನ್ನು ಕಂಡಾಗಲೆಲ್ಲ ನನಗೆ ಒಂದು ಹೊಸ್ತಿಲು ಕಾಣುತ್ತಿತ್ತು. ನಮ್ಮ ತಾತನ ಹುಳದ ಮನೆಯ ಹೊಸ್ತಿಲು.

ನಿಮಗೆ ರೇಷ್ಮೆ ಹುಳ ಸಾಕಿದ ಮನೆ ಗೊತ್ತೋ ಇಲ್ಲವೋ. ಯಲ್ದೂರಿನ ಹತ್ತಿರದ ನಮ್ಮೂರಿನಲ್ಲಿ ಮನೆಗೆ ಅಂಟಿಕೊಂಡ ಉದ್ದನೆಯ ಕೋಣೆಯೊಂದನ್ನು ಹುಳಗಳಿಗೇ ಬಿಟ್ಟಿದ್ದರು. ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಹುಳ, ಹುಳದ ಮೇಲೆ ಹಿಪ್ಪುನೇರಳೆ ಸೊಪ್ಪು. ಅವು ಮೇಯುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದಾಗುತ್ತದೆ. ಈ ಕೋಣೆಗೆ ತಾತನದೇ ಕಾನೂನು. ಚಪ್ಪಲಿ ಒಳಗೆ ಬರಕೂಡದು. ಕೈಕಾಲು ತೊಳೆಯದೆ ಯಾರೂ ಬರಕೂಡದು. ಹೊಗೆಸೊಪ್ಪು ಹಾಕಿದವರು ಬರಕೂಡದು. ಪಕ್ಕದ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಕೂಡದು. ಹೊರಗಿನವರ ಕಣ್ಣು ಬೀಳಕೂಡದು. ಮುಟ್ಟಾದ ಹೆಂಗಸು ಮೂರು ದಿನ ಹೊಸ್ತಿಲು ದಾಟಕೂಡದು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಪಕ್ಕದಲ್ಲಿ ನೀರಿನ ತೊಟ್ಟಿ ಇಟ್ಟಿದ್ದರು.

"ಯಾಕೆ ತಾತ, ಹೊಗೆಸೊಪ್ಪು ಹಾಕಿದ್ರೆ ಏನಾಗತ್ತೆ?" ಎಂದು ನಾನೊಮ್ಮೆ ಕೇಳಿದ್ದೆ.

"ನಂಗೇನ್ ಗೊತ್ತಮ್ಮಾ. ನಮ್ಮಪ್ಪ ಹೇಳ್ದ, ನಾನ್ ಕೇಳ್ದೆ. ಹುಳ ಬದುಕಿದಾವೆ, ಅಷ್ಟು ಸಾಕು" ಎಂದರು.

ನಗಬೇಡಿ. ಸಂಪ್ರದಾಯವಾದವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ನನಗೆ ಎಲ್ಲವೂ ಗೊತ್ತಿಲ್ಲ, ನನ್ನ ಬುದ್ಧಿ ಚಿಕ್ಕದು, ನನಗಿಂತ ಮೊದಲಿನವರು ಬಿದ್ದು ಎದ್ದು ಕಲಿತದ್ದು ಈ ಕಟ್ಟಳೆಗಳಲ್ಲಿ ಅಡಗಿರಬಹುದು, ಯಾವ ಕಂಬ ಯಾವ ತೊಲೆಯನ್ನು ಹೊತ್ತಿದೆಯೋ ತಿಳಿಯದೆ ಕಂಬ ಕೀಳಬಾರದು. ಇದು ಸಣ್ಣ ಮಾತಲ್ಲ. ಹೊಗೆಸೊಪ್ಪಿನ ವಿಷ ಹುಳಕ್ಕೆ ಆಗದು ಎಂದು ಎಷ್ಟೋ ವರ್ಷಗಳ ನಂತರ ಓದಿ ತಿಳಿದಾಗ, ತಾತನ ಫೋಟೋದ ಮುಂದೆ ನಿಂತು ತಪ್ಪಾಯಿತು ಎಂದುಕೊಂಡಿದ್ದೆ.

ತಾತನ ಎದುರು ಪಕ್ಷ ಚಿಕ್ಕಪ್ಪ. ಹೈಸ್ಕೂಲು ಮೇಷ್ಟ್ರು. ಬಿಳಿ ಷರ್ಟು, ಬಾಯಿ ತುಂಬ ಮಾತು. ಮಾಲೂರು, ಬೈರಕೂರು ಎಂದು ಕರೆದ ಕಡೆಗೆಲ್ಲ ಹೋಗಿ ಭಾಷಣ ಮಾಡಿ ಬರುತ್ತಿದ್ದರು. ರಜೆಯ ದಿನ ಲುಂಗಿ ಎತ್ತಿ ಕಟ್ಟಿ ಟೊಮೆಟೊ ತೋಟಕ್ಕೆ ಇಳಿಯುತ್ತಿದ್ದರು, ಅಲ್ಲೂ ಭಾಷಣವೇ. "ಕಾರಣ ಕೇಳು ಕಣೇ. ದೇವರು ಹೇಳಿದ್ರೂ ಕಾರಣ ಕೇಳು. ಕಾರಣ ಹೇಳಕ್ಕಾಗ್ದೇ ಇರೋನಿಗೆ ನಿನ್ನ ಮೇಲೆ ಅಧಿಕಾರ ಇಲ್ಲ" ಎಂದು ನನಗೆ ಕಲಿಸಿದವರು ಅವರು. ಪಿಯುಸಿ ಮುಗಿದ ಮೇಲೆ ನನಗೆ ಮದುವೆ ಮಾಡಬೇಕೆಂದು ತಾತ ಹಟ ಹಿಡಿದಾಗ, ಎದುರು ನಿಂತು ಜಗಳವಾಡಿ ಡಿಗ್ರಿಗೆ ಸೇರಿಸಿದವರೂ ಅವರೇ. ನಾನು ಇವತ್ತು ಪಿಂಚಣಿಯಲ್ಲಿ ಕಾಫಿ ಕುಡಿಯುತ್ತಿದ್ದೇನೆಂದರೆ ಅವರಿಂದ. ಅವರ ಮೇಲೆ ನನಗೆ ಇಷ್ಟು ಸಿಟ್ಟಿರುವುದೂ ಅದಕ್ಕೇ. ಯಾರೋ ದಾರಿಹೋಕನಾಗಿದ್ದರೆ ಮರೆತುಬಿಡುತ್ತಿದ್ದೆ.

ಇವರಿಬ್ಬರ ನಡುವೆ ಹುಳದ ಮನೆಯನ್ನು ನಿಜವಾಗಿ ನಡೆಸುತ್ತಿದ್ದವರು ಚಿಕ್ಕಮ್ಮ, ಅಂದರೆ ಚಿಕ್ಕಪ್ಪನ ಹೆಂಡತಿ. ಬೆಳಗಾಗುವ ಮೊದಲೇ ಸೊಪ್ಪು ತರುವುದು, ತಟ್ಟೆ ಬದಲಾಯಿಸುವುದು, ಹುಳ ಹಣ್ಣಾದಾಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟಿಗೆ ಬಿಡುವುದು ಎಲ್ಲ ಅವರೇ. ಆ ಮೂರು ದಿನ ಮಾತ್ರ ಜಗಲಿ. ಜಗಲಿಯೆಂದರೆ ವಿಶ್ರಾಂತಿ ಅಂದುಕೊಳ್ಳಬೇಡಿ. ಅಲ್ಲಿ ಕೂತು ಕಡ್ಡಿಯಿಂದ ಎಲೆ ಬಿಡಿಸಿ ಕುಕ್ಕೆಗೆ ತುಂಬುತ್ತಿದ್ದರು. ಅವರ ಕೈ ಮುಟ್ಟಿದ ಎಲೆ ಒಳಗೆ ಹೋಗಬಹುದು, ಕೈ ಹೋಗಕೂಡದು. ಈ ಲೆಕ್ಕ ತಾತನಿಗೆ ವಿಚಿತ್ರವಾಗಿ ಕಂಡಿರಲೇ ಇಲ್ಲ.

ಅವತ್ತು ಭಾನುವಾರ. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು ಮಲಗುತ್ತವಲ್ಲ, ಅದನ್ನೇ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದರೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಇನ್ನೇನು ಗೂಡು ಕಟ್ಟುತ್ತವೆ. ಚಿಕ್ಕಪ್ಪ ಬೆಳಗ್ಗೆಯಿಂದ ಟೊಮೆಟೊಗೆ ಔಷಧಿ ಹೊಡೆಯುತ್ತಿದ್ದರು. ಅಷ್ಟರಲ್ಲಿ ಮಾಲೂರಿನಿಂದ ಅವರ ಸ್ನೇಹಿತರೊಬ್ಬರು ಬಂದರು, ಅವರೂ ಮೇಷ್ಟ್ರೇ. ತಾತನ ಕಾನೂನುಗಳನ್ನು ಕೇಳಿ ಆ ಸ್ನೇಹಿತರು ನಕ್ಕರು. ಚಿಕ್ಕಪ್ಪನಿಗೆ ಅಷ್ಟು ಸಾಕಾಯಿತು. "ಬನ್ನಿ ಸಾರ್, ಪ್ರಯೋಗ ಮಾಡಿ ತೋರಿಸ್ತೀನಿ" ಎಂದು ಪಂಪು ಇಳಿಸಿ ನೇರವಾಗಿ ಹುಳದ ಮನೆಯ ಕಡೆ ನಡೆದರು. ನಾನು ಸೊಪ್ಪಿನ ಕುಕ್ಕೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಜಗಲಿಯಲ್ಲಿ ಚಿಕ್ಕಮ್ಮ ಎಲೆ ಬಿಡಿಸುತ್ತಿದ್ದರು, ಅವರ ಮೂರು ದಿನ ನಡೆಯುತ್ತಿತ್ತು.

"ರೀ, ಔಷಧಿ ಕೈ. ತೊಳ್ಕೊಂಡು ಹೋಗ್ರೀ" ಎಂದರು.

ಚಿಕ್ಕಪ್ಪ ಸ್ನೇಹಿತರ ಕಡೆ ತಿರುಗಿ, "ನೋಡಿ ಸಾರ್, ನಮ್ಮನೆ ಸಂಪ್ರದಾಯವಾದಿ! ತಾನು ಹೊರಗೆ ಕೂತಿದಾಳೆ, ಆದ್ರೂ ಕಾನೂನು ಬಿಡಲ್ಲ" ಎಂದು ನಕ್ಕು ಒಳಗೆ ಹೋದರು. ಔಷಧಿಯಲ್ಲಿ ನೆನೆದ ಷರ್ಟು, ಔಷಧಿ ಮೆತ್ತಿದ ಕೈ. ತಟ್ಟೆಯಿಂದ ಹುಳಗಳನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದರು. ಒಂದು ತಟ್ಟೆ ಬಿಟ್ಟು ಇನ್ನೊಂದಕ್ಕೆ ಹೋದರು. ಸೊಪ್ಪನ್ನೂ ತಾವೇ ಕೈಯಾರೆ ಹರಡಿದರು. "ಏನಾಯ್ತು ಹೇಳಿ? ಆಕಾಶ ಬಿತ್ತಾ?"

ಆಕಾಶ ಬೀಳಲಿಲ್ಲ. ಮಾರನೆಯ ಬೆಳಗ್ಗೆ ಹುಳಗಳು ತಲೆ ಒದರುತ್ತ ಹಸಿರು ನೀರು ಕಕ್ಕಿಕೊಂಡು ಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಮೇಯುವ ಸದ್ದೇ ಇಲ್ಲ. ಕುಕ್ಕೆಗಟ್ಟಲೆ ಹುಳಗಳನ್ನು ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದೆವು. ಊರವರು ಬಂದು ನೋಡಿದರು. ಯಾರು ಮುಟ್ಟಾಗಿದ್ದರು ಎಂದು ಒಬ್ಬರು ಕೇಳಿದರು, ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದರು. ಆಕೆ ಬಿಡಿಸಿದ ಎಲೆಯಿಂದಲೇ ಆಯಿತು, ಇಲ್ಲವೇ ಯಾರೂ ಇಲ್ಲದಾಗ ಒಳಗೆ ಕಾಲಿಟ್ಟಿರಬೇಕು ಎಂದು ನಿಂತ ನಿಲುವಿನಲ್ಲೇ ತೀರ್ಪಾಯಿತು.

ಚಿಕ್ಕಮ್ಮ ಗಂಡನ ಮುಖವನ್ನೇ ನೋಡುತ್ತ ನಿಂತರು. ಆಗ ಚಿಕ್ಕಪ್ಪ ಬಾಯಿ ಬಿಟ್ಟರು. ಬಿಟ್ಟರು, ಆದರೆ ಏನೆಂದರು ಕೇಳಿ. "ಮುಟ್ಟಿಗೂ ಹುಳಕ್ಕೂ ಏನ್ರೀ ಸಂಬಂಧ? ಇದೆಲ್ಲ ಮೂಢನಂಬಿಕೆ. ಹೆಂಗಸರನ್ನ ತುಳಿಯೋಕೆ ಮಾಡ್ಕೊಂಡಿರೋ ಕಟ್ಟಳೆ. ವೈಜ್ಞಾನಿಕವಾಗಿ ಯೋಚನೆ ಮಾಡಿ" ಎಂದು ದೊಡ್ಡ ಭಾಷಣವನ್ನೇ ಮಾಡಿದರು. ಒಂದು ಅಕ್ಷರವೂ ಸುಳ್ಳಲ್ಲ. ಇವತ್ತು ಅದನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ "ನಾನು ಔಷಧಿ ಕೈಯಲ್ಲಿ ಮುಟ್ಟಿದೆ" ಎಂಬ ಒಂದು ಮಾತು ಅದರೊಳಗಿರಲಿಲ್ಲ. ಭಾಷಣ ಮುಗಿದ ಮೇಲೆ ಊರವರು, ಮೇಷ್ಟ್ರು ಹೆಂಡತಿಯನ್ನು ಬಿಟ್ಟುಕೊಡುವುದಿಲ್ಲಪ್ಪಾ, ಒಳ್ಳೆಯ ಮನುಷ್ಯ ಎಂದು ಹೊಗಳಿಕೊಂಡು ಹೋದರು. ತಪ್ಪು ಚಿಕ್ಕಮ್ಮನ ಮೇಲೆಯೇ ಉಳಿಯಿತು, ಕ್ಷಮಿಸಿದ ಪುಣ್ಯ ಚಿಕ್ಕಪ್ಪನಿಗೆ ಹೋಯಿತು.

ನಾನು ತಡೆಯಲಾರದೆ, "ಚಿಕ್ಕಪ್ಪ ಔಷಧಿ ಕೈಯಲ್ಲಿ ಹುಳ ಎತ್ತಿದ್ರು ತಾತ, ನಾನೇ ನೋಡ್ದೆ" ಎಂದು ಕೂಗಿದೆ. ಸಿಟ್ಟು ಬಂದರೆ ತಾತನಿಗೆ ತೆಲುಗೇ ಬರುತ್ತಿದ್ದುದು. "ನೋರು ಮುಯ್ಯಿ!" ಎಂದು ಅಬ್ಬರಿಸಿದರು. ಬಾಯಿ ಮುಚ್ಚು ಎಂದು. ಕಾರಣ ಕೇಳು ಎಂದು ಕಲಿಸಿದ ಚಿಕ್ಕಪ್ಪ ನನ್ನ ತಲೆ ಸವರಿ, "ಚಿಕ್ಕ ಹುಡುಗಿ, ಗಾಬರಿಯಾಗಿದೆ" ಎಂದರು.

ಆ ಕೈ ನನ್ನ ತಲೆಯ ಮೇಲೆ ಇದ್ದದ್ದು ನೆನಪಾದರೆ ಈಗಲೂ ಕೂದಲು ತೊಳೆಯಬೇಕೆನಿಸುತ್ತದೆ.

ತಾತನಿಗೆ ಗೊತ್ತಿರಲಿಲ್ಲ ಎಂದುಕೊಂಡಿರಾ? ಗೊತ್ತಿತ್ತು. ಮಗನ ಷರ್ಟಿನ ವಾಸನೆ ಅವರ ಮೂಗಿಗೆ ಬೀಳದೆ ಇರಲಿಲ್ಲ. ಮುರಿದದ್ದು ಅವರದೇ ಕಾನೂನು, ಅವರಪ್ಪ ಹೇಳಿದ ಕಾನೂನು. ಆದರೂ ಬಾಯಿಬಿಡಲಿಲ್ಲ. ಮನೆಯ ಮಗ ತಪ್ಪಿತಸ್ಥನೆಂದು ಊರ ಮುಂದೆ ಹೇಳಿದರೆ ಮನೆ ಅಲ್ಲಾಡುತ್ತದೆ, ಹೊರಗಿನಿಂದ ಬಂದ ಸೊಸೆಯ ಮೇಲೆ ಹಾಕಿದರೆ ಮನೆ ನಿಲ್ಲುತ್ತದೆ. ಹಿರಿಯರ ಅನುಭವ, ಪರಂಪರೆ, ವ್ಯವಸ್ಥೆ ಎಂದು ನಾನು ವರ್ಷವರ್ಷ ಕರಿಹಲಗೆಯ ಮೇಲೆ ಬರೆದೆನಲ್ಲ, ಅದು ಆ ದಿನ ಒಬ್ಬ ಹೆಂಗಸಿನ ಬೆನ್ನ ಮೇಲೆ ನಿಂತಿತ್ತು. ವ್ಯಕ್ತಿ, ಸ್ವಾತಂತ್ರ್ಯ, ವಿವೇಕ ಎಂದು ಇನ್ನೊಂದು ಕಡೆ ಬರೆದೆನಲ್ಲ, ಅದೂ ಅದೇ ಬೆನ್ನ ಮೇಲೆ ಹತ್ತಿ ನಿಂತು ಭಾಷಣ ಮಾಡುತ್ತಿತ್ತು. ಜನ್ಮವಿಡೀ ಕಿತ್ತಾಡಿದ ಅಪ್ಪ ಮಗ ಒಂದೇ ಒಂದು ವಿಷಯದಲ್ಲಿ ಒಂದಾದದ್ದು ಅವತ್ತು.

ಮುಂದಿನ ಸಲ ಹೊಸ ಹುಳ ತಂದಾಗ ಚಿಕ್ಕಮ್ಮ ಜಗಲಿಯಿಂದ ಏಳಲಿಲ್ಲ. ಮೂರು ದಿನವಲ್ಲ, ಯಾವ ದಿನವೂ ಏಳಲಿಲ್ಲ. "ನನ್ನಿಂದ ಸತ್ತವು ಅಂದ್ರಲ್ಲ. ನಾನು ದೂರ ಇದ್ರೇ ಒಳ್ಳೇದು" ಎಂದರು. ಕೂಗಾಡಲಿಲ್ಲ, ಅಳಲಿಲ್ಲ. ಅಡುಗೆ ಮಾಡಿದರು, ಹೊಲಕ್ಕೆ ಹೋದರು, ಆ ಹೊಸ್ತಿಲೊಂದನ್ನು ದಾಟಲಿಲ್ಲ. ಹುಳ ಸೊರಗಿದವು. ತಾತನೇ ಜಗಲಿಗೆ ಬಂದು ಕೂತು, ದನಿ ತಗ್ಗಿಸಿ, "ಹೋಗ್ಲಿ ಬಿಡಮ್ಮಾ. ನಮ್ಮಜ್ಜಿ ಕಾಲದಲ್ಲಿ ಈ ಮೂರು ದಿನದ ಕಟ್ಟು ಇಷ್ಟು ಬಿಗಿ ಇರ್ಲಿಲ್ವಂತೆ. ಇನ್ಮೇಲೆ ಅದು ಬೇಡ. ಒಳಗೆ ಬಾ" ಎಂದರು. ಎಂಥ ಮಾತು ನೋಡಿ! ತನ್ನ ಕಾನೂನನ್ನು ತಾನೇ ಮುರಿಯಲು ಅವರು ಇನ್ನೊಂದು ಹಳೆಯ ಕಾನೂನನ್ನು ಹುಡುಕಿ ತಂದಿದ್ದರು.

"ನಾನು ಕೇಳಿದ್ದು ಅದಲ್ಲ ಮಾವ. ಯಾರಿಂದ ಸತ್ತವು ಅಂತ ನಾಲ್ಕು ಜನದ ಮುಂದೆ ಒಂದ್ ಮಾತು ಹೇಳಿ. ಬರ್ತೀನಿ."

ತಾತ ಎದ್ದು ಹೋದರು. ಚಿಕ್ಕಪ್ಪನನ್ನು ಕೇಳಿದರೆ, "ಬರೋದು ಬಿಡೋದು ಅವಳ ಇಷ್ಟ. ಅವಳ ಸ್ವಾತಂತ್ರ್ಯ. ಬಲವಂತ ಮಾಡೋಕೆ ನಾವ್ಯಾರು?" ಎಂದರು. ಕೇಳಿದಿರಾ? ಹೆಂಡತಿಯ ಸ್ವಾತಂತ್ರ್ಯಕ್ಕೆ ಎಷ್ಟು ಗೌರವ! ಹೇಳಬೇಕಾದ ಮಾತು ಹೇಳದೆ ತಪ್ಪಿಸಿಕೊಳ್ಳಲು ಸ್ವಾತಂತ್ರ್ಯದಂಥ ದೊಡ್ಡ ಶಬ್ದವೇ ಬೇಕಾಯಿತು ಆ ಮನುಷ್ಯನಿಗೆ. ಎರಡು ಬೆಳೆ ಹೀಗೆ ಕಳೆದ ಮೇಲೆ ಹಿಪ್ಪುನೇರಳೆ ಕಿತ್ತು ಮಾವಿನ ಸಸಿ ನೆಟ್ಟರು. ಹುಳದ ಮನೆಯಲ್ಲಿ ಹುಲ್ಲು ತುಂಬಿದರು.

ಈಗ ಚಿಕ್ಕಪ್ಪನ ಮಗ ಮತ್ತೆ ಹುಳ ಸಾಕುತ್ತಿದ್ದಾನೆ, ಮಾವಿನ ತೋಪಿನ ಪಕ್ಕ ದೊಡ್ಡ ಶೆಡ್ಡು ಕಟ್ಟಿಸಿದ್ದಾನೆ, ಬಂದು ನೋಡಿ ಎಂದು ಫೋನು ಮಾಡಿದ್ದ. ಹಾಗೆ ಹೊರಟು ಆ ಪಂಪಿನವನ ಪಕ್ಕ ಕೂತು, ಬೈದು, ನಾಚಿಕೆಪಟ್ಟು, ಯಲ್ದೂರಿನಲ್ಲಿ ಇಳಿದು ಊರು ಸೇರಿದೆ. ಶೆಡ್ಡಿನ ಮುಂದೆ ಹೊಂಗೆ ಮರದ ನೆರಳಿನಲ್ಲಿ ಮೂವರಿದ್ದರು. ಕುರ್ಚಿಯಲ್ಲಿ ಚಿಕ್ಕಪ್ಪ, ಕೈಯಲ್ಲಿ ಪೇಪರು. ಚಾಪೆಯ ಮೇಲೆ ಚಿಕ್ಕಮ್ಮ, ತಲೆ ಪೂರ್ತಿ ಬೆಳ್ಳಗಾಗಿತ್ತು. ಸ್ವಲ್ಪ ದೂರದಲ್ಲಿ ಅವರ ಸೊಸೆ, ಸೊಪ್ಪಿನ ಕಟ್ಟುಗಳ ಮೇಲೆ ಹಾಕಿದ ಗೋಣಿತಾಟಿಗೆ ನೀರು ಚಿಮುಕಿಸುತ್ತಿದ್ದಳು. ತಾಯಲೂರಿನ ಕಡೆಯ ಹುಡುಗಿ, ಚೂಟಿ. ಒಳಗೆ ಅವಳ ಗಂಡನೊಬ್ಬನೇ ಸೊಪ್ಪು ಹಾಕುತ್ತ ಏದುಸಿರು ಬಿಡುವುದು ಕೇಳುತ್ತಿತ್ತು.

"ನೀನ್ಯಾಕಮ್ಮಾ ಹೊರಗಿದೀಯ?" ಎಂದೆ.

ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಇವತ್ತು ಎರಡನೇ ದಿನ ಅಕ್ಕಾ. ನಮ್ಮಮ್ಮನ ಮನೇಲಿ ಇದೆಲ್ಲ ಇಲ್ಲ. ಆದ್ರೆ ಈ ಮನೇಲಿ ಒಂದ್ಸಲ ಆಗ್ಬಿಟ್ಟಿದೆಯಲ್ಲ. ಅತ್ತೆ ಹೊರಗಿದ್ದಾಗ ಗೊತ್ತಿಲ್ದೆ ಒಳಗೆ ಹೋಗಿ, ಇಡೀ ಬೆಳೆ ಸತ್ತೋಯ್ತಂತೆ. ಪಾಪ, ಅದಕ್ಕೇ ಅವರು ಇವತ್ತಿಗೂ ಒಳಗೆ ಬರಲ್ಲ."

ಆ ಸುಳ್ಳು ಸತ್ತಿರಲಿಲ್ಲ. ತಾತ ಹೋದರು, ಅವರ ಎಷ್ಟೋ ಕಾನೂನುಗಳೂ ಹೋದವು, ಇದೊಂದು ಮಾತ್ರ ಮನೆತನದ ಆಸ್ತಿಯಾಗಿ ಉಳಿದು ಈ ಹುಡುಗಿಯನ್ನೂ ಹೊರಗೆ ಕೂರಿಸಿತ್ತು. ಚಿಕ್ಕಪ್ಪ ಪೇಪರಿನಿಂದ ಕಣ್ಣು ತೆಗೆಯದೆ, "ನಾನು ಹೇಳ್ದೆ, ಇದೆಲ್ಲ ನಂಬಬೇಡ ಅಂತ. ಆದ್ರೆ ನಂಬೋದು ಬಿಡೋದು ಅವಳ ಇಷ್ಟ" ಎಂದರು.

ಅಷ್ಟೇ. ಡಾಕ್ಟರು ಹೇಳಿದ್ದೆಲ್ಲ ಮರೆತುಹೋಯಿತು. "ಅವಳ ಇಷ್ಟ ಅಲ್ಲ ಚಿಕ್ಕಪ್ಪ, ನಿಮ್ಮ ಸುಳ್ಳು!" ಎಂದೆ. "ನೋಡಮ್ಮಾ, ಆ ಹುಳ ಸತ್ತಿದ್ದು ನಿಮ್ಮತ್ತೆಯಿಂದಲ್ಲ. ನಿಮ್ಮ ಮಾವ ಔಷಧಿ ಹೊಡೆದ ಕೈಯಲ್ಲಿ ಮುಟ್ಟಿದ್ದಕ್ಕೆ. ನಾನು ಬಾಗಿಲಲ್ಲೇ ನಿಂತಿದ್ದೆ."

ಶೆಡ್ಡಿನೊಳಗೆ ಹುಳ ಮೇಯುವ ಸದ್ದು. ಚಾಪೆಯ ಮೇಲಿಂದ ಚಿಕ್ಕಮ್ಮನ ದನಿ ಬಂತು. "ಇನ್ನೊಂದ್ಸಲ ಹೇಳಮ್ಮಾ. ಒಳಗಿರೋನಿಗೂ ಕೇಳಿಸ್ಲಿ."

ಹೇಳಿದೆ. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ ನನಗಿನ್ನೂ ಇದೆ. ಒಳಗಿದ್ದ ಮಗ ಸೊಪ್ಪು ಹಿಡಿದುಕೊಂಡೇ ಬಾಗಿಲಿಗೆ ಬಂದ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. "ಸಾಮಾನ್ಯವಾಗಿ ನೋಡಿದ್ರೆ, ಇಂಥ ನಂಬಿಕೆಗಳು ಹ್ಯಾಗೆ ಹುಟ್ಕೋತವೆ ಅಂದ್ರೆ..."

"ಸಾಮಾನ್ಯ ಬೇಡ್ರೀ" ಎಂದರು ಚಿಕ್ಕಮ್ಮ. "ಅವತ್ತಿನದು. ಹೌದೋ, ಅಲ್ವೋ?"

ಪೇಪರು ಮಡಿಲಿಗೆ ಇಳಿಯಿತು. ಚಿಕ್ಕಪ್ಪ "ಹೌದು" ಎಂದರು. ಭಾಷಣಕಾರನ ದನಿಯಲ್ಲ, ಮಾತು ಸೋತ ಮುದುಕನ ದನಿ.

ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಇಷ್ಟೇ ಇಷ್ಟು ಮಾತಿಗೆ ಒಬ್ಬ ಹೆಂಗಸಿನ ತಲೆಗೂದಲು ಬೆಳ್ಳಗಾಗಬೇಕಿತ್ತೇ? ಐದು ಅಂಕಕ್ಕೆ ಎರಡೂ ಕಡೆ ತುಂಬಿಸಿ ಬರೆಸಿದೆನಲ್ಲ, ಈ ಒಂದು ಮಾತಿಗೆ ಆ ಪುಟದಲ್ಲಿ ಎಲ್ಲಿ ಜಾಗ ಕೊಟ್ಟಿದ್ದೆ?

ನಾನು ಕುದಿಯುತ್ತಿದ್ದಾಗಲೇ ಚಿಕ್ಕಮ್ಮ ಮಂಡಿಗೆ ಕೈಕೊಟ್ಟು ಎದ್ದರು. ಗಂಡನ ಕಡೆ ನೋಡಲಿಲ್ಲ. ಬಾಗಿಲ ಬಳಿಯ ತೊಟ್ಟಿಯಲ್ಲಿ ಕೈ ತೊಳೆದರು, ಕಾಲು ತೊಳೆದರು, ಸೆರಗಿಗೆ ಒರೆಸಿಕೊಂಡು ಹೊಸ್ತಿಲು ದಾಟಿದರು. ಒಳಗಿನಿಂದ, "ಬಾರೇ, ಆ ಸೊಪ್ಪು ತಗೊಂಡ್ ಬಾ. ಕೈಕಾಲು ತೊಳ್ಕೊಂಡ್ ಬಾ" ಎಂದು ಸೊಸೆಯನ್ನು ಕರೆದರು. ಸೊಸೆ ಒಮ್ಮೆ ಮಾವನನ್ನು, ಒಮ್ಮೆ ನನ್ನನ್ನು ನೋಡಿ, ಕಟ್ಟು ಕೆಳಗಿಟ್ಟು ತೊಟ್ಟಿಯ ಕಡೆ ಓಡಿದಳು.

ನಾನೂ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಗೆದ್ದವಳ ಹಾಗೆ ಹೊಸ್ತಿಲಿಗೆ ಬಂದೆ. ಚಿಕ್ಕಮ್ಮ ಕೈ ಅಡ್ಡ ಹಿಡಿದರು.

"ನೀನು ನಿಂತ್ಕೋ. ಬಸ್ಸಲ್ಲಿ ಔಷಧಿಯೋರ ಪಕ್ಕ ಕೂತಿದ್ಯಾ? ಸೀರೆಯೆಲ್ಲ ಅದೇ ವಾಸನೆ. ಮನೇಲಿ ನನ್ನ ಸೀರೆ ಇದೆ, ಉಟ್ಕೊಂಡ್ ಬಾ."

ಮರು ಮಾತಾಡದೆ ಮನೆಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದೆ.